ಟೆಸ್ಟ್‌ಗಳ ಟೆಂಪ್ ಫೈಲ್‌ಗಳು: ಯಾವ ದಾರಿ ಯಾವಾಗ ಸರಿ?

ಟೆಸ್ಟ್ ಒಂದನ್ನೇ ಓಡಿಸಿದರೆ ಪಾಸ್. ಎಲ್ಲವನ್ನೂ ಒಟ್ಟಿಗೆ ಓಡಿಸಿದರೆ ಫೇಲ್. ಇನ್ನೊಮ್ಮೆ ಓಡಿಸಿದರೆ ಮತ್ತೆ ಪಾಸ್. ಇಂಥ ಟೆಸ್ಟ್‌ನ ಬೆನ್ನು ಹತ್ತಿ ಹೋದರೆ ಎಷ್ಟೋ ಸಲ ಕೊನೆಗೆ ಸಿಗುವುದು ಒಂದು ಟೆಂಪ್ ಫೈಲ್, ಅಂದರೆ ಕೋಡ್ ಪರೀಕ್ಷಿಸುವಾಗ ಟೆಸ್ಟ್ ತಾತ್ಕಾಲಿಕವಾಗಿ ಬಳಸುವ ಫೈಲ್. ಹಿಂದಿನ ಟೆಸ್ಟ್ ಅದನ್ನು ಅಳಿಸದೆ ಬಿಟ್ಟಿರುತ್ತದೆ. ಇಲ್ಲವೇ ಪಕ್ಕದಲ್ಲಿ ಓಡುತ್ತಿರುವ ಇನ್ನೊಂದು ಟೆಸ್ಟ್ ಅದೇ ಹೆಸರಿನಲ್ಲಿ ಬರೆಯುತ್ತಿರುತ್ತದೆ.

ಟೆಂಪ್ ಫೈಲ್‌ಗಳನ್ನು ನಿಭಾಯಿಸಲು ದಾರಿಗಳು ಬೇಕಾದಷ್ಟಿವೆ. ಫೈಲ್ ಇಲ್ಲದೆಯೇ ಟೆಸ್ಟ್ ಬರೆಯಬಹುದು. ಭಾಷೆಯ ಲೈಬ್ರರಿಯಿಂದ ಟೆಂಪ್ ಫೋಲ್ಡರ್ ಮಾಡಿಕೊಳ್ಳಬಹುದು. ಟೆಸ್ಟ್ ಫ್ರೇಮ್‌ವರ್ಕ್ (ಟೆಸ್ಟ್‌ಗಳನ್ನು ಓಡಿಸುವ ಸಾಧನ) ಕೊಡುವ ಫೋಲ್ಡರ್ ಬಳಸಬಹುದು. ಮೆಮೊರಿಯಲ್ಲಿ ನಕಲಿ ಫೈಲ್ ಸಿಸ್ಟಮ್ ಕಟ್ಟಬಹುದು. ನಿಜವಾದ ಫೈಲ್ ಸಿಸ್ಟಮ್ಮನ್ನೇ ರ‍್ಯಾಮ್ ಮೇಲೆ ಕೂರಿಸಬಹುದು. ಇವುಗಳಲ್ಲಿ ಯಾವುದನ್ನು ಆರಿಸಬೇಕು ಎನ್ನುವುದೇ ಈ ಬರಹದ ವಿಷಯ.

ಆರಿಸುವಾಗ ನಾವು ಸಾಮಾನ್ಯವಾಗಿ ನೋಡುವುದು ಫೈಲ್ ಮಾಡುವುದು ಎಷ್ಟು ಸುಲಭ ಅಂತ. ಆದರೆ ಮಾಡುವುದು ಎಲ್ಲ ದಾರಿಯಲ್ಲೂ ಸುಲಭವೇ. ಅಳಿಸುವವರು ಯಾರು, ಯಾವಾಗ ಅಳಿಸುತ್ತಾರೆ, ಟೆಸ್ಟ್ ಫೇಲಾದಾಗ ಏನು ಉಳಿಯುತ್ತದೆ ಎಂಬಲ್ಲಿ ಈ ದಾರಿಗಳು ಬೇರೆಯಾಗುತ್ತವೆ. ನಾನು ಹೋಲಿಸುವುದು ಮುಖ್ಯವಾಗಿ ಅದರ ಮೇಲೆ.

ಮೊದಲು ಕೇಳಬೇಕಾದದ್ದು: ಫೈಲ್ ಬೇಕೇ ಬೇಕಾ?

ಟೆಸ್ಟ್‌ಗೆ ಫೈಲ್‌ನಿಂದ ಬೇಕಾಗುವುದು ಮೂರರಲ್ಲಿ ಒಂದು. ಬರೀ ಒಳಗಿನ ಡೇಟಾ ಸಾಕಾಗಬಹುದು. ಒಂದು ಪಾತ್ ಬೇಕಾಗಬಹುದು, ಅಂದರೆ ಕೋಡ್ ತಾನೇ ಆ ಜಾಗಕ್ಕೆ ಹೋಗಿ ಫೈಲ್ ತೆರೆಯುತ್ತದೆ. ಇಲ್ಲವೇ ಫೈಲ್ ಸಿಸ್ಟಮ್‌ನ ನಡವಳಿಕೆಯೇ ಬೇಕಾಗಬಹುದು: ಪರ್ಮಿಷನ್, ಲಾಕ್, ರಿನೇಮ್, ಸಿಮ್‌ಲಿಂಕ್ (ಇನ್ನೊಂದು ಪಾತ್‌ನತ್ತ ಕೈತೋರುವ ಫೈಲ್), ಡಿಸ್ಕ್ ತುಂಬಿದಾಗ ಬರುವ ಎರರ್. ಇದನ್ನು ಮೊದಲೇ ತಿಳಿದುಕೊಂಡರೆ ಮುಂದಿನ ಅರ್ಧ ಗೊಂದಲ ಇರುವುದಿಲ್ಲ.

ಡೇಟಾ ಸಾಕು ಎನ್ನುವ ಟೆಸ್ಟ್‌ಗಳು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಸಿಎಸ್‌ವಿ ಓದಿ ಮೊತ್ತ ಲೆಕ್ಕ ಹಾಕುವ ಫಂಕ್ಷನ್ ಇದೆ ಅಂದುಕೊಳ್ಳಿ. ಅದು ಪಾತ್ ತೆಗೆದುಕೊಂಡು, ಫೈಲ್ ತೆರೆದು, ಓದಿ, ಲೆಕ್ಕ ಹಾಕಿದರೆ ಪ್ರತಿ ಟೆಸ್ಟ್‌ಗೂ ಒಂದು ಫೈಲ್ ಬೇಕು. ಅದನ್ನೇ ಎರಡಾಗಿ ಒಡೆಯಿರಿ. ಒಂದು ಫಂಕ್ಷನ್ ಫೈಲ್ ತೆರೆಯಲಿ, ಇನ್ನೊಂದು ತೆರೆದ ಸ್ಟ್ರೀಮ್ ತೆಗೆದುಕೊಂಡು ಲೆಕ್ಕ ಹಾಕಲಿ. ಆಗ ಲೆಕ್ಕದ ಟೆಸ್ಟ್‌ಗಳಿಗೆಲ್ಲ ಪೈಥಾನ್‌ನಲ್ಲಿ ಸ್ಟ್ರಿಂಗ್‌ಐಓ ಅಥವಾ ಬೈಟ್ಸ್‌ಐಓ ಸಾಕು. ಗೋ ಭಾಷೆಯಲ್ಲಿ ರೀಡರ್ ಇಂಟರ್‌ಫೇಸ್, ಜಾವಾದಲ್ಲಿ ಇನ್‌ಪುಟ್‌ಸ್ಟ್ರೀಮ್ ಇದೇ ಕೆಲಸ ಮಾಡುತ್ತವೆ. ಫೈಲೇ ಇಲ್ಲದ ಮೇಲೆ ಅಳಿಸುವ ಪ್ರಶ್ನೆಯೂ ಇಲ್ಲ.

ಇಲ್ಲಿ ಒಂದು ಎಚ್ಚರ. ಸ್ಟ್ರಿಂಗ್‌ಐಓ ಒಳಗೆ ಇರುವುದು ಆಗಲೇ ಡಿಕೋಡ್ ಆದ ಅಕ್ಷರಗಳು. ಫೈಲ್ ಯಾವ ಎನ್‌ಕೋಡಿಂಗ್‌ನಲ್ಲಿದೆ, ಆರಂಭದಲ್ಲಿ ಎನ್‌ಕೋಡಿಂಗ್ ತಿಳಿಸುವ ಬಾಮ್ ಗುರುತು ಇದೆಯಾ, ಸಾಲಿನ ಕೊನೆ ವಿಂಡೋಸ್ ರೀತಿಯದ್ದಾ ಎಂಬ ತೊಂದರೆಗಳೆಲ್ಲ ಅಲ್ಲಿ ಕಾಣುವುದೇ ಇಲ್ಲ. ಕನ್ನಡದಂಥ ಲಿಪಿಯ ಪಠ್ಯ ಓದುವ ಕೋಡ್‌ಗೆ ಇದು ಸಣ್ಣ ವಿಷಯವಲ್ಲ. ಹಾಗಾಗಿ ಲೆಕ್ಕದ ಟೆಸ್ಟ್‌ಗಳು ಎಷ್ಟೇ ಇರಲಿ, ನಿಜವಾದ ಫೈಲ್ ತೆರೆದು ಓದುವ ಒಂದೆರಡು ಟೆಸ್ಟ್ ಇರಲೇಬೇಕು.

ಕೈಯಾರೆ ಬರೆದ ಒಂದೇ ಹೆಸರು

ಟೆಂಪ್ ಡೈರೆಕ್ಟರಿಯಲ್ಲಿ ‘ಔಟ್‌ಪುಟ್’ ಅಂತ ಒಂದು ಹೆಸರನ್ನು ಕೋಡ್‌ನಲ್ಲೇ ಬರೆದುಬಿಡುವ ರೂಢಿ ಇನ್ನೂ ಇದೆ. ಇದನ್ನು ನಾನು ಆಯ್ಕೆ ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡು ಟೆಸ್ಟ್ ಒಟ್ಟಿಗೆ ಓಡಿದ ದಿನ ಅದು ಮುರಿಯುತ್ತದೆ. ಒಂದೇ ಸರ್ವರ್‌ನಲ್ಲಿ ಇಬ್ಬರು ಬಳಕೆದಾರರಿದ್ದರೆ ಇನ್ನೂ ಬೇಗ ಮುರಿಯುತ್ತದೆ. ಯುನಿಕ್ಸ್‌ನ ಟೆಂಪ್ ಡೈರೆಕ್ಟರಿಗೆ ಸ್ಟಿಕಿ ಬಿಟ್ ಇರುವುದರಿಂದ ಒಬ್ಬರ ಫೈಲನ್ನು ಇನ್ನೊಬ್ಬರು ಅಳಿಸಲಾಗುವುದಿಲ್ಲ. ಮೇಲಿಂದ, ಊಹಿಸಬಹುದಾದ ಹೆಸರಿದ್ದರೆ ಬೇರೆಯವರು ಮೊದಲೇ ಅಲ್ಲಿ ಸಿಮ್‌ಲಿಂಕ್ ಇಟ್ಟು ನಿಮ್ಮ ಬರವಣಿಗೆಯನ್ನು ಬೇರೆ ಫೈಲ್‌ಗೆ ತಿರುಗಿಸಬಹುದು.

ಹೆಸರು ಮಾತ್ರ ಕೊಟ್ಟು ಫೈಲ್ ಮಾಡದೆ ಬಿಡುವ ಫಂಕ್ಷನ್‌ಗಳೂ ಇದೇ ಗುಂಪಿಗೆ ಸೇರುತ್ತವೆ. ಹೆಸರು ಸಿಕ್ಕಿದ್ದಕ್ಕೂ ಫೈಲ್ ತೆರೆದದ್ದಕ್ಕೂ ನಡುವೆ ಇರುವ ಸಂದಿಯಲ್ಲಿ ಇನ್ನೊಬ್ಬರು ನುಗ್ಗಬಹುದು. ಪೈಥಾನ್‌ನ ಎಂಕೆಟೆಂಪ್ ಫಂಕ್ಷನ್ನನ್ನು 2.3ನೇ ಆವೃತ್ತಿಯಿಂದಲೇ ಬಳಸಬೇಡಿ ಎಂದಿರುವುದು ಇದಕ್ಕೇ.

ಭಾಷೆಯ ಲೈಬ್ರರಿ

ಟೆಸ್ಟ್ ಫ್ರೇಮ್‌ವರ್ಕ್ ಯಾವುದೇ ಇರಲಿ, ಭಾಷೆ ತಾನೇ ಒಂದು ದಾರಿ ಕೊಟ್ಟಿರುತ್ತದೆ. ಪೈಥಾನ್‌ನಲ್ಲಿ ಟೆಂಪ್‌ಫೈಲ್ ಮಾಡ್ಯೂಲ್, ಗೋದಲ್ಲಿ ಎಂಕೆಡೈರ್‌ಟೆಂಪ್, ಜಾವಾದಲ್ಲಿ ಫೈಲ್ಸ್ ಕ್ಲಾಸ್, ನೋಡ್‌ನಲ್ಲಿ ಎಂಕೆಡಿಟೆಂಪ್, ರಸ್ಟ್‌ನಲ್ಲಿ ಟೆಂಪ್‌ಫೈಲ್ ಕ್ರೇಟ್ (ಇದು ಮಾತ್ರ ಭಾಷೆಯ ಹೊರಗಿನ ಲೈಬ್ರರಿ), ಶೆಲ್ ಸ್ಕ್ರಿಪ್ಟ್‌ನಲ್ಲಿ ಎಂಕೆಟೆಂಪ್ ಕಮಾಂಡ್‌ಗೆ ‘-ಡಿ’ ಆಯ್ಕೆ. ಇವೆಲ್ಲ ಯಾರಿಗೂ ಡಿಕ್ಕಿಯಾಗದ ಹೆಸರು ಹುಡುಕಿ, ಅದೇ ಹೆಜ್ಜೆಯಲ್ಲಿ ಫೋಲ್ಡರನ್ನೂ ಸೃಷ್ಟಿಸುತ್ತವೆ. ಅಷ್ಟರ ಮಟ್ಟಿಗೆ ಎಲ್ಲವೂ ಒಳ್ಳೆಯವೇ.

ಅಳಿಸುವ ವಿಷಯಕ್ಕೆ ಬಂದಾಗ ಒಂದೊಂದೂ ಬೇರೆ ದಾರಿ ಹಿಡಿಯುತ್ತದೆ.

ಪೈಥಾನ್‌ನ ಟೆಂಪರರಿಡೈರೆಕ್ಟರಿ ‘ವಿತ್’ ಬ್ಲಾಕ್ ಮುಗಿದಾಗ ಅಳಿಸುತ್ತದೆ, ಎಕ್ಸೆಪ್ಷನ್ ಬಂದರೂ ಅಳಿಸುತ್ತದೆ. ಎಂಕೆಡಿಟೆಂಪ್ ಆದರೆ ಅಳಿಸುವುದೇ ಇಲ್ಲ, ಆ ಹೊಣೆ ನಿಮ್ಮದು. ಎಂಕೆಎಸ್‌ಟೆಂಪ್ ಪಾತ್ ಜೊತೆಗೆ ತೆರೆದ ಫೈಲ್ ಡಿಸ್ಕ್ರಿಪ್ಟರನ್ನೂ (ತೆರೆದ ಫೈಲ್‌ಗೆ ಸಿಸ್ಟಮ್ ಕೊಡುವ ಸಂಖ್ಯೆ) ಕೊಡುತ್ತದೆ. ಅದನ್ನು ಮುಚ್ಚಲು ಮರೆತರೆ ನೂರಾರು ಟೆಸ್ಟ್ ಆದಮೇಲೆ ‘ತೆರೆದ ಫೈಲ್‌ಗಳು ಜಾಸ್ತಿಯಾದವು’ ಎಂಬ ಎರರ್ ಇನ್ಯಾವುದೋ ಟೆಸ್ಟ್‌ನಲ್ಲಿ ಬರುತ್ತದೆ. ಆ ಟೆಸ್ಟ್‌ನ ತಪ್ಪೇನೂ ಇರುವುದಿಲ್ಲ ಪಾಪ.

ನೇಮ್ಡ್‌ಟೆಂಪರರಿಫೈಲ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಬಹಳ ಜನ ಮೊದಲು ಕೈ ಹಾಕುವುದು ಅದಕ್ಕೇ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಅದು ತೆರೆದಿರುವಾಗಲೇ ಅದರ ಪಾತ್ ಹಿಡಿದು ಇನ್ನೊಮ್ಮೆ ತೆರೆಯಬಹುದು. ವಿಂಡೋಸ್‌ನಲ್ಲಿ, ಅದರ ಮೂಲ ಸೆಟ್ಟಿಂಗ್‌ನಲ್ಲಿ, ಆಗುವುದಿಲ್ಲ. ಟೆಸ್ಟ್‌ನಲ್ಲಿ ನಮಗೆ ಬೇಕಾಗಿರುವುದೇ ಅದು: ನಾವು ಬರೆದಿಡುತ್ತೇವೆ, ನಮ್ಮ ಕೋಡ್ ತೆರೆದು ಓದುತ್ತದೆ. ಪೈಥಾನ್ 3.12ರಲ್ಲಿ ‘ಡಿಲೀಟ್-ಆನ್-ಕ್ಲೋಸ್’ ಆಯ್ಕೆ ಬಂದಮೇಲೆ ಫೈಲ್ ಮುಚ್ಚಿದರೂ ಅಳಿಯದೆ ಬ್ಲಾಕ್ ಮುಗಿಯುವವರೆಗೆ ಉಳಿಸಬಹುದು. ಆದರೂ ನನ್ನ ಸಲಹೆ ಬೇರೆ. ಟೆಂಪ್ ಫೈಲ್ ಬೇಕಾದಾಗಲೂ ಟೆಂಪ್ ಫೋಲ್ಡರನ್ನೇ ಮಾಡಿ. ಅದರೊಳಗೆ ನಿಮಗೆ ಬೇಕಾದ ಹೆಸರಿನ ಫೈಲ್ ಇಡಿ. ಹೆಸರು ಓದಲು ಚೆನ್ನಾಗಿರುತ್ತದೆ, ಎಕ್ಸ್‌ಟೆನ್ಷನ್ ಸರಿಯಾಗಿರುತ್ತದೆ, ಕೋಡ್ ಪಕ್ಕದಲ್ಲೇ ಲಾಕ್ ಫೈಲೋ ಬ್ಯಾಕಪ್ ಫೈಲೋ ಮಾಡಿದರೆ ಅದೂ ಜೊತೆಗೇ ಹೋಗುತ್ತದೆ.

ಜಾವಾದ ಡಿಲೀಟ್‌ಆನ್‌ಎಕ್ಸಿಟ್ ನೋಡಲು ಸುಲಭ. ಆದರೆ ಅದು ಅಳಿಸುವುದು ಜಾವಾ ಕೋಡ್ ಓಡಿಸುವ ಜೆವಿಎಂ ಸರಿಯಾಗಿ ಮುಗಿದಾಗ ಮಾತ್ರ. ಅಲ್ಲಿಯವರೆಗೆ ಫೈಲ್‌ಗಳ ಪಟ್ಟಿ ಮೆಮೊರಿಯಲ್ಲಿ ಬೆಳೆಯುತ್ತಾ ಹೋಗುತ್ತದೆ. ಫೋಲ್ಡರ್ ಒಳಗೆ ಏನಾದರೂ ಉಳಿದಿದ್ದರೆ ಆ ಫೋಲ್ಡರ್ ಅಳಿಯುವುದೂ ಇಲ್ಲ. ಟೆಸ್ಟ್‌ಗೆ ಇದು ಬೇಡ.

ರಸ್ಟ್‌ನಲ್ಲಿ ಟೆಂಪ್‌ಡೈರ್ ವ್ಯಾಲ್ಯೂ ಸ್ಕೋಪ್‌ನಿಂದ ಹೊರಗೆ ಹೋದಾಗ ಫೋಲ್ಡರ್ ಅಳಿಯುತ್ತದೆ. ಅಚ್ಚುಕಟ್ಟಾದ ವ್ಯವಸ್ಥೆ. ಆದರೆ ಅದೇ ಗುಣ ಕಾಲಿಗೂ ತೊಡರುತ್ತದೆ. ಸಹಾಯಕ ಫಂಕ್ಷನ್ ಒಂದು ಟೆಂಪ್‌ಡೈರ್ ಮಾಡಿ ಅದರ ಪಾತ್ ಮಾತ್ರ ಹಿಂದಿರುಗಿಸಿದರೆ, ಪಾತ್ ಕೈಗೆ ಬರುವ ಹೊತ್ತಿಗೆ ಫೋಲ್ಡರ್ ಇರುವುದಿಲ್ಲ. ಆ ವ್ಯಾಲ್ಯೂವನ್ನೇ ಹಿಂದಿರುಗಿಸಬೇಕು, ಟೆಸ್ಟ್ ಮುಗಿಯುವವರೆಗೆ ಹಿಡಿದಿಟ್ಟುಕೊಳ್ಳಬೇಕು. ಪ್ರೊಸೆಸ್ಸನ್ನು ‘ಎಕ್ಸಿಟ್’ ಕರೆದು ನಿಲ್ಲಿಸಿದರೆ ಡಿಸ್ಟ್ರಕ್ಟರ್‌ಗಳು ಓಡುವುದಿಲ್ಲ, ಫೋಲ್ಡರ್ ಹಾಗೇ ಉಳಿಯುತ್ತದೆ.

ಶೆಲ್ ಸ್ಕ್ರಿಪ್ಟ್ ಆದರೆ ಫೋಲ್ಡರ್ ಮಾಡಿದ ಮುಂದಿನ ಸಾಲಿನಲ್ಲೇ ಎಕ್ಸಿಟ್‌ಗೆ ಟ್ರ್ಯಾಪ್ ಹಾಕಿ, ಅಂದರೆ ಸ್ಕ್ರಿಪ್ಟ್ ಮುಗಿಯುವಾಗ ಫೋಲ್ಡರ್ ಅಳಿಸುವ ಕಮಾಂಡ್ ಗೊತ್ತುಮಾಡಿಡಿ. ವೇರಿಯಬಲ್ ಸುತ್ತ ಕೋಟ್ ಹಾಕುವುದನ್ನು ಮಾತ್ರ ಮರೆಯಬೇಡಿ. ಶೆಲ್ ಟೆಸ್ಟ್‌ಗಳ ಫ್ರೇಮ್‌ವರ್ಕ್ ಆದ ಬ್ಯಾಟ್ಸ್ ಬಳಸುವವರಿಗೆ 1.4ರಿಂದ ಪ್ರತಿ ಟೆಸ್ಟ್‌ಗೂ ಒಂದು ಟೆಂಪ್ ಫೋಲ್ಡರ್ ತಾನಾಗಿಯೇ ಸಿಗುತ್ತದೆ.

ಇನ್ನೊಂದು ಮಾತು ಎಲ್ಲದಕ್ಕೂ ಅನ್ವಯಿಸುತ್ತದೆ. ಪ್ರೊಸೆಸ್‌ಗೆ ಅದನ್ನು ತಕ್ಷಣ ಕೊಲ್ಲುವ ಸಿಗ್‌ಕಿಲ್ ಸಿಗ್ನಲ್ ಬಂದರೆ, ಮೆಮೊರಿ ಸಾಲದೆ ಕರ್ನಲ್ ಅದನ್ನು ಕೊಂದರೆ, ಸಿಐ (ಕೋಡ್ ಬದಲಾದಾಗಲೆಲ್ಲ ಟೆಸ್ಟ್ ಓಡಿಸುವ ವ್ಯವಸ್ಥೆ) ಟೈಮ್‌ಔಟ್ ಆಗಿ ಬಲವಂತವಾಗಿ ನಿಲ್ಲಿಸಿದರೆ, ಯಾವ ಕ್ಲೀನಪ್ ಕೋಡೂ ಓಡುವುದಿಲ್ಲ. ಟೆಸ್ಟ್ ಕೊನೆಯ ಕ್ಲೀನಪ್ಪನ್ನೇ ಪೂರ್ತಿ ನಂಬುವ ಯಾವ ದಾರಿಯೂ ಸಾಲದು.

ಫ್ರೇಮ್‌ವರ್ಕ್ ಕೊಡುವ ಫೋಲ್ಡರ್: ನನ್ನ ಮೊದಲ ಆಯ್ಕೆ

ಪಾತ್ ಬೇಕಾದ ಟೆಸ್ಟ್‌ಗೆ ನಾನು ಹೇಳುವುದು ಇದನ್ನೇ. ಪೈಥಾನ್‌ನ ಪೈಟೆಸ್ಟ್‌ನಲ್ಲಿ ಟಿಎಂಪಿ-ಪಾತ್ ಫಿಕ್ಸ್ಚರ್ (ಟೆಸ್ಟ್‌ಗೆ ಮೊದಲೇ ಸಿದ್ಧಮಾಡಿ ಕೊಡುವಂಥದ್ದು) ಇದೆ, 3.9ನೇ ಆವೃತ್ತಿಯಲ್ಲಿ ಬಂದದ್ದು. ಹಳೆಯ ಟಿಎಂಪಿ-ಡೈರ್ ಇನ್ನೂ ಕೆಲಸ ಮಾಡುತ್ತದೆ, ಆದರೆ ಹೊಸ ಟೆಸ್ಟ್‌ಗೆ ಅದು ಬೇಡ. ಗೋ 1.15ರಲ್ಲಿ, ಅಂದರೆ 2020ರಲ್ಲಿ, ಟೆಂಪ್‌ಡೈರ್ ಮೆಥಡ್ ಬಂತು. ಜಾವಾದ ಜೆಯೂನಿಟ್ 5ರಲ್ಲಿ 5.4ರಿಂದ ಟೆಂಪ್‌ಡೈರ್ ಅನೊಟೇಷನ್ ಇದೆ. ಜೆಯೂನಿಟ್ 4ರಲ್ಲಿ ಟೆಂಪರರಿಫೋಲ್ಡರ್ ರೂಲ್ ಇತ್ತು.

ಪೈಟೆಸ್ಟ್, ಗೋ, ಜೆಯೂನಿಟ್ ಮೂರೂ ಒಂದೇ ಕೆಲಸ ಮಾಡುವ ಹಾಗೆ ಕಾಣುತ್ತವೆ. ಟೆಸ್ಟ್ ಪಾಸಾದರೆ ವ್ಯತ್ಯಾಸವೂ ತಿಳಿಯುವುದಿಲ್ಲ. ಫೇಲಾದ ದಿನ ತಿಳಿಯುತ್ತದೆ.

ಗೋದ ಟೆಂಪ್‌ಡೈರ್ ಟೆಸ್ಟ್ ಮುಗಿದ ಕೂಡಲೇ ಅಳಿಸುತ್ತದೆ, ಫೇಲಾದರೂ ಅಳಿಸುತ್ತದೆ. ಅಳಿಸಲು ಆಗದಿದ್ದರೆ ಟೆಸ್ಟನ್ನೇ ಫೇಲ್ ಮಾಡುತ್ತದೆ. ಜೆಯೂನಿಟ್ ಕೂಡ ಮೂಲ ಸೆಟ್ಟಿಂಗ್‌ನಲ್ಲಿ ಯಾವಾಗಲೂ ಅಳಿಸುತ್ತದೆ. ಆದರೆ 5.9ರಿಂದ ಕ್ಲೀನಪ್ ಮೋಡ್ ಅಂತ ಒಂದು ಆಯ್ಕೆ ಕೊಟ್ಟಿದೆ: ಯಾವಾಗಲೂ, ಪಾಸಾದರೆ ಮಾತ್ರ, ಎಂದೂ ಬೇಡ. ಪೈಟೆಸ್ಟ್‌ನ ರೀತಿಯೇ ಬೇರೆ. ಅದು ಪ್ರತಿ ರನ್‌ಗೂ ಒಂದು ನಂಬರ್ ಹಾಕಿ ಫೋಲ್ಡರ್ ಮಾಡುತ್ತದೆ. ಅದರೊಳಗೆ ಪ್ರತಿ ಟೆಸ್ಟ್‌ಗೂ ಅದರದೇ ಹೆಸರಿನ ಫೋಲ್ಡರ್. ಟೆಸ್ಟ್ ಮುಗಿದಾಗ ಅದನ್ನು ಮುಟ್ಟುವುದಿಲ್ಲ. ಕೊನೆಯ ಮೂರು ರನ್‌ಗಳನ್ನು ಇಟ್ಟುಕೊಂಡು ಅದಕ್ಕಿಂತ ಹಳೆಯದನ್ನು ತೆಗೆಯುತ್ತದೆ. 7.3ರಿಂದ ಎಷ್ಟು ರನ್ ಇಡಬೇಕು, ಫೇಲಾದವನ್ನು ಮಾತ್ರ ಇಡಬೇಕಾ ಎಂಬುದನ್ನು ಸೆಟ್ಟಿಂಗ್‌ನಲ್ಲೇ ಹೇಳಬಹುದು.

ಈ ಮೂರರಲ್ಲಿ ಪೈಟೆಸ್ಟ್‌ನ ವಿಚಾರವೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಟೆಸ್ಟ್ ಫೇಲಾದಾಗ ಆ ಫೈಲ್‌ಗಳೇ ಸಾಕ್ಷಿ. ‘ಎರಡು ಫೈಲ್ ಒಂದೇ ರೀತಿ ಇಲ್ಲ’ ಅಂತ ಎರರ್ ಬಂದರೆ ಮೊದಲು ಬೇಕಾಗುವುದು ಆ ಎರಡನ್ನೂ ತೆರೆದು ನೋಡುವುದು, ಅಲ್ವಾ? ಅಷ್ಟು ಹೊತ್ತಿಗೆ ಫ್ರೇಮ್‌ವರ್ಕ್ ಅವನ್ನು ಅಳಿಸಿದ್ದರೆ, ಪ್ರಿಂಟ್ ಸಾಲುಗಳನ್ನು ಸೇರಿಸಿ ಮತ್ತೆ ಓಡಿಸಬೇಕು. ಅಪರೂಪಕ್ಕೊಮ್ಮೆ ಫೇಲಾಗುವ ಟೆಸ್ಟ್ ಆದರೆ ಮತ್ತೆ ಓಡಿಸಿದಾಗ ಫೇಲಾಗುವುದೂ ಇಲ್ಲ. ಸಾಕ್ಷಿ ಹೋಯಿತು. ಮುಂದಿನ ರನ್‌ನ ಹೊತ್ತಿಗೆ ಹಳೆಯದನ್ನು ಅಳಿಸುವ ಪದ್ಧತಿಯಲ್ಲಿ ಇನ್ನೊಂದು ಲಾಭವೂ ಇದೆ. ಸಿಗ್‌ಕಿಲ್ ಬಂದು ಅರ್ಧಕ್ಕೆ ನಿಂತ ರನ್‌ನ ಕಸವೂ ಮುಂದಿನ ರನ್‌ಗಳಲ್ಲಿ ಹೋಗುತ್ತದೆ.

ಇದಕ್ಕೆ ಬೆಲೆ ಇದೆ, ನಿಜ. ಒಂದೊಂದು ರನ್ 5 ಜಿಬಿ ಬರೆಯುವ ಟೆಸ್ಟ್‌ಗಳಿದ್ದರೆ ಮೂರು ರನ್‌ಗೆ 15 ಜಿಬಿ ಡಿಸ್ಕ್ ಹಿಡಿಯುತ್ತದೆ. ಅಂಥ ಕಡೆ ‘ಫೇಲಾದವು ಮಾತ್ರ’ ಎಂಬ ಪಾಲಿಸಿ, ಸಂಖ್ಯೆ ಒಂದು ಅಂತ ಇಟ್ಟುಕೊಳ್ಳಿ. ಸುಮ್ನೆ ಎಲ್ಲವನ್ನೂ ತಕ್ಷಣ ಅಳಿಸುವ ಸೆಟ್ಟಿಂಗ್‌ಗೆ ಹೋಗಬೇಡಿ.

ಜೆಯೂನಿಟ್ ಬಳಸುವವರು ಕ್ಲೀನಪ್ ಮೋಡ್‌ನ ಮೂಲ ಸೆಟ್ಟಿಂಗನ್ನು ಕಾನ್ಫಿಗರೇಷನ್‌ನಲ್ಲಿ ‘ಪಾಸಾದರೆ ಮಾತ್ರ’ ಅಂತ ಬದಲಿಸಿಕೊಳ್ಳಬಹುದು, ಒಂದೊಂದು ಟೆಸ್ಟನ್ನೂ ಮುಟ್ಟಬೇಕಿಲ್ಲ. ಗೋದಲ್ಲಾದರೆ ಸ್ವಲ್ಪ ಕೈಕೆಲಸ. ಎಂಕೆಡೈರ್‌ಟೆಂಪ್‌ನಿಂದ ಫೋಲ್ಡರ್ ಮಾಡಿ, ಕ್ಲೀನಪ್ ಫಂಕ್ಷನ್‌ನಲ್ಲಿ ಟೆಸ್ಟ್ ಫೇಲಾಗಿದೆಯಾ ಅಂತ ಕೇಳಿ, ಫೇಲಾಗಿದ್ದರೆ ಪಾತನ್ನು ಲಾಗ್ ಮಾಡಿ ಹಾಗೇ ಬಿಡುವ ಒಂದು ಸಣ್ಣ ಸಹಾಯಕ ಫಂಕ್ಷನ್ ಬರೆದಿಟ್ಟುಕೊಳ್ಳಿ. ಫೈಲ್ ಹೋಲಿಸುವ ಟೆಸ್ಟ್‌ಗಳಿಗೆ ಅದನ್ನು ಬಳಸಿ. ಉಳಿದವಕ್ಕೆ ಟೆಂಪ್‌ಡೈರ್ ಸಾಕು.

ಗೋ ಬಗ್ಗೆ ಹೇಳುವಾಗಲೇ ಇನ್ನೊಂದು. ಟೆಸ್ಟ್ ಫಂಕ್ಷನ್‌ನಲ್ಲಿ ‘ಡಿಫರ್’ (ಫಂಕ್ಷನ್ ಮುಗಿಯುವಾಗ ಓಡುವ ಸಾಲು) ಹಾಕಿ ಫೋಲ್ಡರ್ ಅಳಿಸುವ ಹಳೆಯ ರೂಢಿ ಪ್ಯಾರಲಲ್ ಸಬ್‌ಟೆಸ್ಟ್ ಬಂದ ಕೂಡಲೇ ಕೈಕೊಡುತ್ತದೆ. ಪ್ಯಾರಲಲ್ ಸಬ್‌ಟೆಸ್ಟ್‌ಗಳು ತಾಯಿ ಫಂಕ್ಷನ್ ಮುಗಿಯುವವರೆಗೆ ಕಾದು ಆಮೇಲೆ ಓಡುತ್ತವೆ. ಡಿಫರ್ ಅದಕ್ಕೂ ಮೊದಲೇ ಓಡಿಬಿಡುತ್ತದೆ. ಸಬ್‌ಟೆಸ್ಟ್ ಬಂದು ನೋಡಿದರೆ ಫೋಲ್ಡರ್ ಇಲ್ಲ. ಟೆಂಪ್‌ಡೈರ್ ಮತ್ತು ಕ್ಲೀನಪ್ ಎರಡೂ ಎಲ್ಲ ಸಬ್‌ಟೆಸ್ಟ್ ಮುಗಿಯುವವರೆಗೆ ಕಾಯುತ್ತವೆ. ಹಳೆಯ ಕೋಡ್‌ನಲ್ಲಿ ಡಿಫರ್ ಕಂಡರೆ ಬದಲಿಸಲು ಈ ಒಂದು ಕಾರಣವೇ ಸಾಕು.

ಅಳಿಸಲು ಆಗದಿದ್ದಾಗ ಟೆಸ್ಟ್ ಫೇಲ್ ಮಾಡುವ ಗೋದ ನಿಲುವು ಮಾತ್ರ ನನಗೆ ಇಷ್ಟ. ವಿಂಡೋಸ್‌ನಲ್ಲಿ ತೆರೆದ ಫೈಲನ್ನು ಸಾಮಾನ್ಯವಾಗಿ ಅಳಿಸಲಾಗುವುದಿಲ್ಲ. ಹಾಗಾಗಿ ಅಲ್ಲಿ ಕ್ಲೀನಪ್ ಫೇಲಾಯಿತು ಎಂದರೆ ಬಹಳ ಸಲ ನಿಮ್ಮ ಕೋಡ್ ಎಲ್ಲೋ ಫೈಲ್ ಮುಚ್ಚಿಲ್ಲ ಎಂದೇ ಅರ್ಥ. ಅದು ನಿಜವಾದ ಬಗ್. ಪೈಥಾನ್ 3.10ರಲ್ಲಿ ಕ್ಲೀನಪ್ ಎರರ್‌ಗಳನ್ನು ಕಡೆಗಣಿಸುವ ಆಯ್ಕೆ ಬಂದಿದೆ. ಆ್ಯಂಟಿವೈರಸ್ ಫೈಲ್ ಹಿಡಿದುಕೊಂಡಂಥ ಸಂದರ್ಭಕ್ಕೆ ಅದು ಬೇಕಾಗಬಹುದು. ಎಲ್ಲ ಕಡೆ ಹಾಕಿಟ್ಟರೆ ಆ ಬಗ್‌ಗಳು ಕಾಣದೇ ಹೋಗುತ್ತವೆ.

ನಕಲಿ ಫೈಲ್ ಸಿಸ್ಟಮ್

ಪೈಥಾನ್‌ಗೆ ಪೈಫೇಕ್‌ಎಫ್‌ಎಸ್, ಜಾವಾಗೆ ಗೂಗಲ್‌ನ ಜಿಮ್‌ಎಫ್‌ಎಸ್, ನೋಡ್‌ಗೆ ಮೆಮ್‌ಎಫ್‌ಎಸ್, ಗೋಗೆ ಅಫೆರೊ. ಇವು ಮೆಮೊರಿಯಲ್ಲೇ ಒಂದು ಫೈಲ್ ಸಿಸ್ಟಮ್ ಇದ್ದ ಹಾಗೆ ತೋರಿಸುತ್ತವೆ. ಡಿಸ್ಕ್‌ಗೆ ಏನೂ ಹೋಗುವುದಿಲ್ಲ, ಅಳಿಸುವ ಕೆಲಸವಿಲ್ಲ. ಕೇಳಲು ಇದೇ ಎಲ್ಲಕ್ಕಿಂತ ಒಳ್ಳೆಯದು ಅನ್ನಿಸುತ್ತದೆ.

ತೊಂದರೆ ಎಲ್ಲಿ ಅಂದರೆ, ಆ ನಕಲಿ ಲೋಕ ಕಾಣುವುದು ಅದೇ ಭಾಷೆಯ ಕೋಡ್‌ಗೆ ಮಾತ್ರ. ಪೈಫೇಕ್‌ಎಫ್‌ಎಸ್ ಪೈಥಾನ್‌ನ ಓಪನ್, ಓಎಸ್, ಪಾತ್‌ಲಿಬ್ ಇವುಗಳನ್ನು ಬದಲಿಸುತ್ತದೆ. ನಿಮ್ಮ ಕೋಡ್ ಎಸ್‌ಕ್ಯೂಲೈಟ್ ಫೈಲ್ ತೆರೆದರೆ, ಆ ಕೆಲಸ ಸಿ ಲೈಬ್ರರಿಯಲ್ಲಿ ನಡೆಯುತ್ತದೆ, ಅದಕ್ಕೆ ನಕಲಿ ಫೈಲ್ ಕಾಣುವುದಿಲ್ಲ. ಗಿಟ್ ಕಮಾಂಡನ್ನೋ ಬೇರೆ ಪ್ರೋಗ್ರಾಮನ್ನೋ ಸಬ್‌ಪ್ರೊಸೆಸ್ ಆಗಿ ಓಡಿಸಿದರೂ ಅಷ್ಟೇ. ಜಿಮ್‌ಎಫ್‌ಎಸ್ ಬಳಸಲು ನಿಮ್ಮ ಕೋಡ್ ಪೂರ್ತಿ ಹೊಸ ಪಾತ್ ಎಪಿಐ ಮೇಲಿರಬೇಕು. ಎಲ್ಲಾದರೂ ಹಳೆಯ ಫೈಲ್ ಕ್ಲಾಸ್‌ಗೆ ಬದಲಿಸಿದರೆ ಎಕ್ಸೆಪ್ಷನ್ ಬರುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಅಂದರೆ, ನಕಲಿಯ ನಡವಳಿಕೆ ಅದನ್ನು ಬರೆದವರ ತಿಳುವಳಿಕೆಯಷ್ಟೇ ನಿಖರ. ಲಾಕ್, ಸಿಮ್‌ಲಿಂಕ್, ರಿನೇಮ್‌ನ ಮೂಲೆಮುರುಕು ಸಂದರ್ಭಗಳಲ್ಲಿ ಟೆಸ್ಟ್ ಪಾಸಾಗಿ ನಿಜವಾದ ಡಿಸ್ಕ್ ಮೇಲೆ ಕೋಡ್ ಬೀಳಬಹುದು.

ಹಾಗಾದರೆ ಇದು ಬೇಡವೇ ಬೇಡವಾ? ಎರಡು ಕಡೆ ಬೇಕು. ಒಂದು, ಲಿನಕ್ಸ್ ಮೇಲೆ ಕೂತು ವಿಂಡೋಸ್ ರೀತಿಯ ಪಾತ್‌ಗಳನ್ನು ಪರೀಕ್ಷಿಸಬೇಕಾದಾಗ. ಜಿಮ್‌ಎಫ್‌ಎಸ್ ಮತ್ತು ಪೈಫೇಕ್‌ಎಫ್‌ಎಸ್ ಎರಡರಲ್ಲೂ ಆ ಸೆಟ್ಟಿಂಗ್ ಇದೆ. ಇನ್ನೊಂದು, ನಿಜವಾಗಿ ತರಿಸಲು ಕಷ್ಟವಾದ ಎರರ್ ಬೇಕಾದಾಗ. ಪೈಫೇಕ್‌ಎಫ್‌ಎಸ್‌ನಲ್ಲಿ ಡಿಸ್ಕ್ ಎಷ್ಟು ದೊಡ್ಡದು ಎಂದು ಹೇಳಿದರೆ ಅದು ತುಂಬಿದಾಗ ಎರರ್ ಕೊಡುತ್ತದೆ.

ಗೋ ಬಳಸುವವರು ಅಫೆರೊಗೆ ಹೋಗುವ ಮೊದಲು ಮ್ಯಾಪ್‌ಎಫ್‌ಎಸ್ ನೋಡಿ. ಗೋ 1.16ರಿಂದ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಇದೆ. ಕೋಡ್ ಫೈಲ್‌ಗಳನ್ನು ಓದುವುದಷ್ಟೇ ಆಗಿದ್ದರೆ ಅದು ಸರಳ, ಹೊರಗಿನ ಡಿಪೆಂಡೆನ್ಸಿಯೂ ಬೇಡ.

ರ‍್ಯಾಮ್ ಮೇಲೆ ನಿಜವಾದ ಫೈಲ್ ಸಿಸ್ಟಮ್

ಲಿನಕ್ಸ್‌ನ ಟಿಎಂಪಿಎಫ್‌ಎಸ್ ಕರ್ನಲ್‌ನ ನಿಜವಾದ ಫೈಲ್ ಸಿಸ್ಟಮ್, ಡೇಟಾ ಮಾತ್ರ ಮೆಮೊರಿಯಲ್ಲಿರುತ್ತದೆ. ಸಿ ಲೈಬ್ರರಿಗೂ ಕಾಣುತ್ತದೆ, ಸಬ್‌ಪ್ರೊಸೆಸ್‌ಗೂ ಕಾಣುತ್ತದೆ. ನಕಲಿ ಫೈಲ್ ಸಿಸ್ಟಮ್‌ನಿಂದ ವೇಗ ಮಾತ್ರ ಬೇಕಾಗಿದ್ದವರು ಇದನ್ನೇ ನೋಡಬೇಕು. ಕೋಡ್‌ನಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಟೆಂಪ್ ಡೈರೆಕ್ಟರಿ ಎಲ್ಲಿದೆ ಎನ್ನುವ ಎನ್ವಿರಾನ್ಮೆಂಟ್ ವೇರಿಯಬಲ್ ಬದಲಿಸಿದರೆ ಸಾಕು. ಡಾಕರ್‌ನಲ್ಲಿ ಕಂಟೇನರ್ (ಪ್ರೋಗ್ರಾಮ್ ಓಡಿಸುವ ಪ್ರತ್ಯೇಕ ಆವರಣ) ಓಡಿಸುವಾಗ ಒಂದು ಫ್ಲ್ಯಾಗ್ ಕೊಟ್ಟರಾಯಿತು. ಕೆಲವು ಲಿನಕ್ಸ್ ವಿತರಣೆಗಳಲ್ಲಿ ಟೆಂಪ್ ಡೈರೆಕ್ಟರಿ ಮೊದಲಿಂದಲೂ ಟಿಎಂಪಿಎಫ್‌ಎಸ್ ಮೇಲೇ ಇರುತ್ತದೆ. ಫೆಡೋರಾ ಬಹಳ ಹಿಂದೆಯೇ ಹೀಗೆ ಮಾಡಿತು. ಡೆಬಿಯನ್ 13 ಕೂಡ ಹೊಸ ಇನ್‌ಸ್ಟಾಲ್‌ಗಳಲ್ಲಿ ಹಾಗೇ ಇಡುತ್ತದೆ.

ವೇಗ ಎಷ್ಟು ಸಿಗುತ್ತದೆ? ಸಣ್ಣ ಫೈಲ್ ಬರೆದು, ಓದಿ, ಅಳಿಸುವ ಟೆಸ್ಟ್‌ಗೆ ದೊಡ್ಡ ವ್ಯತ್ಯಾಸವನ್ನು ನಿರೀಕ್ಷಿಸಬೇಡಿ. ಅಂಥ ಫೈಲ್ ಕರ್ನಲ್ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಪೇಜ್ ಕ್ಯಾಶ್‌ನಲ್ಲೇ ಹುಟ್ಟಿ ಅಲ್ಲೇ ಹೋಗುತ್ತದೆ, ಡಿಸ್ಕ್‌ವರೆಗೆ ಹೋಗುವುದು ಕಡಿಮೆ. ನಿಜವಾದ ಲಾಭ ಎಫ್‌ಸಿಂಕ್ (ಡೇಟಾ ಡಿಸ್ಕ್ ತಲುಪುವವರೆಗೆ ಕಾಯುವ ಕರೆ) ಬಳಸುವ ಕೋಡ್‌ಗೆ. ಡೇಟಾಬೇಸ್ ಟೆಸ್ಟ್‌ಗಳು ಪ್ರತಿ ಕಮಿಟ್‌ಗೂ ಡಿಸ್ಕ್‌ಗಾಗಿ ಕಾಯುತ್ತವೆ. ಟಿಎಂಪಿಎಫ್‌ಎಸ್‌ನಲ್ಲಿ ಆ ಕಾಯುವಿಕೆ ಇರುವುದಿಲ್ಲ.

ಮೆಮೊರಿ ಲೆಕ್ಕ ನೋಡಿಕೊಳ್ಳಬೇಕು. ಗಾತ್ರ ಹೇಳದೆ ಮೌಂಟ್ ಮಾಡಿದರೆ ಮಿತಿ ರ‍್ಯಾಮ್‌ನ ಅರ್ಧ. ಕಂಟೇನರ್‌ನಲ್ಲಿ ಆ ಫೈಲ್‌ಗಳೂ ಕಂಟೇನರ್‌ನ ಮೆಮೊರಿ ಮಿತಿಗೇ ಸೇರುತ್ತವೆ. ಡಾಕರ್‌ನ ಹಂಚಿಕೆ ಮೆಮೊರಿ ಡೈರೆಕ್ಟರಿ ಮೂಲ ಸೆಟ್ಟಿಂಗ್‌ನಲ್ಲಿ 64 ಎಂಬಿ ಮಾತ್ರ. ಅದನ್ನು ಟೆಂಪ್ ಆಗಿ ಬಳಸಿದರೆ ಬೇಗ ತುಂಬುತ್ತದೆ.

ಆ ಮಿತಿಯನ್ನೇ ಉಪಯೋಗಕ್ಕೂ ತೆಗೆದುಕೊಳ್ಳಬಹುದು. ಡಿಸ್ಕ್ ತುಂಬಿದಾಗ ಕೋಡ್ ಸರಿಯಾಗಿ ನಡೆದುಕೊಳ್ಳುತ್ತದಾ ಅಂತ ನೋಡಬೇಕಾದರೆ 1 ಎಂಬಿಯ ಟಿಎಂಪಿಎಫ್‌ಎಸ್ ಮೌಂಟ್ ಮಾಡಿ ಅಲ್ಲಿ ಬರೆಯಿಸಿ. ಅಷ್ಟೂ ಬೇಡ ಅಂದರೆ ಲಿನಕ್ಸ್‌ನಲ್ಲಿ ‘ಫುಲ್’ ಎಂಬ ಡಿವೈಸ್ ಫೈಲ್ ಇದೆ, ಡೆವ್ ಡೈರೆಕ್ಟರಿಯಲ್ಲಿ. ಅದಕ್ಕೆ ಬರೆದರೆ ಯಾವಾಗಲೂ ‘ಜಾಗವಿಲ್ಲ’ ಎಂಬ ಎರರ್ ಬರುತ್ತದೆ. ಈ ಟೆಸ್ಟ್‌ಗಳನ್ನು ಬರೆಯುವವರು ಕಡಿಮೆ. ಡಿಸ್ಕ್ ತುಂಬಿದ ದಿನ ಡೇಟಾ ಕಳೆದುಕೊಳ್ಳುವ ಪ್ರೋಗ್ರಾಮ್‌ಗಳು ಅಷ್ಟು ಕಡಿಮೆಯಲ್ಲ.

ಇಲ್ಲಿ ಬಹಳ ಟೆಸ್ಟ್‌ಗಳಿಗೆ ಕಾಣದ ಒಂದು ಬಗ್ ಬಗ್ಗೆ ಹೇಳಲೇಬೇಕು. ಹೊಸ ಡೇಟಾವನ್ನು ಟೆಂಪ್ ಫೈಲ್‌ಗೆ ಬರೆದು, ಆಮೇಲೆ ಹಳೆಯ ಫೈಲ್ ಮೇಲೆ ರಿನೇಮ್ ಮಾಡುವುದು ಒಳ್ಳೆಯ ರೂಢಿ. ಆದರೆ ರಿನೇಮ್ ನಡೆಯುವುದು ಒಂದೇ ಫೈಲ್ ಸಿಸ್ಟಮ್ ಒಳಗೆ. ಟೆಂಪ್ ಡೈರೆಕ್ಟರಿ ಟಿಎಂಪಿಎಫ್‌ಎಸ್ ಮೇಲಿದ್ದು, ಗುರಿ ಡಿಸ್ಕ್ ಮೇಲಿದ್ದರೆ ಎರರ್ ಬರುತ್ತದೆ. ಟೆಸ್ಟ್‌ನಲ್ಲಿ ಎರಡನ್ನೂ ಒಂದೇ ಟೆಂಪ್ ಫೋಲ್ಡರ್ ಒಳಗೆ ಇಟ್ಟಿರುತ್ತೇವೆ. ಹಾಗಾಗಿ ಅಲ್ಲಿ ಪಾಸ್, ಪ್ರೊಡಕ್ಷನ್‌ನಲ್ಲಿ ಫೇಲ್. ಇಂಥ ಕೋಡ್ ಇದ್ದರೆ ಗುರಿಯನ್ನು ಬೇಕಂತಲೇ ಬೇರೆ ಫೈಲ್ ಸಿಸ್ಟಮ್‌ನಲ್ಲಿ ಇಟ್ಟು ಒಂದು ಟೆಸ್ಟ್ ಓಡಿಸಿ. ಸರಿಯಾದ ಪರಿಹಾರ ಅಂದರೆ ಟೆಂಪ್ ಫೈಲನ್ನು ಗುರಿಯ ಪಕ್ಕದಲ್ಲೇ, ಅದೇ ಡೈರೆಕ್ಟರಿಯಲ್ಲಿ ಮಾಡುವುದು.

ಯಾವ ದಾರಿ ಹಿಡಿದರೂ ಎದುರಾಗುವವು

ಮ್ಯಾಕ್‌ನಲ್ಲಿ ಟೆಂಪ್ ಫೋಲ್ಡರ್‌ನ ಪಾತ್ ‘ವಾರ್’ ಡೈರೆಕ್ಟರಿಯಿಂದ ಶುರುವಾಗುತ್ತದೆ. ಆ ಡೈರೆಕ್ಟರಿ ‘ಪ್ರೈವೇಟ್’ ಒಳಗಿನದಕ್ಕೆ ಸಿಮ್‌ಲಿಂಕ್. ಕೋಡ್ ಪಾತನ್ನು ಬಿಡಿಸಿ ನಿಜವಾದ ಪಾತ್ ಕೊಟ್ಟರೆ, ಟೆಸ್ಟ್ ನಿರೀಕ್ಷಿಸುವ ಪಾತ್ ಜೊತೆ ತಾಳೆಯಾಗುವುದಿಲ್ಲ. ಲಿನಕ್ಸ್‌ನಲ್ಲಿ ಪಾಸಾಗಿ ಮ್ಯಾಕ್‌ನಲ್ಲಿ ಮಾತ್ರ ಫೇಲಾಗುವ ಟೆಸ್ಟ್‌ಗೆ ಮೊದಲು ಇದನ್ನು ನೋಡಿ. ಫೋಲ್ಡರ್ ಮಾಡಿದ ಕೂಡಲೇ ಒಮ್ಮೆ ರಿಯಲ್‌ಪಾತ್ ತೆಗೆದುಕೊಂಡರೆ ಮುಗಿಯಿತು.

ಪಾತ್ ಉದ್ದವೂ ಕಾಡುತ್ತದೆ. ಯುನಿಕ್ಸ್ ಸಾಕೆಟ್‌ನ ಪಾತ್ ಲಿನಕ್ಸ್‌ನಲ್ಲಿ 108 ಬೈಟ್, ಮ್ಯಾಕ್‌ನಲ್ಲಿ 104 ಬೈಟ್ ಮೀರುವ ಹಾಗಿಲ್ಲ. ಫ್ರೇಮ್‌ವರ್ಕ್‌ನ ಫೋಲ್ಡರ್ ಹೆಸರಿನಲ್ಲಿ ಬಳಕೆದಾರರ ಹೆಸರು, ರನ್ ನಂಬರ್, ಟೆಸ್ಟ್ ಹೆಸರು ಎಲ್ಲ ಸೇರಿ ಅದನ್ನು ಸುಲಭವಾಗಿ ದಾಟುತ್ತದೆ. ಸಾಕೆಟ್ ಬೇಕಾದ ಟೆಸ್ಟ್‌ಗೆ ಮಾತ್ರ ಟೆಂಪ್ ಡೈರೆಕ್ಟರಿಯಲ್ಲಿ ನೇರವಾಗಿ ಒಂದು ಚಿಕ್ಕ ಹೆಸರಿನ ಫೋಲ್ಡರ್ ಮಾಡಿ.

ಪರ್ಮಿಷನ್ ಟೆಸ್ಟ್‌ಗಳು ಕಂಟೇನರ್‌ನಲ್ಲಿ ತಿರುಗಿಬೀಳುತ್ತವೆ. ಅಲ್ಲಿ ಸಾಮಾನ್ಯವಾಗಿ ರೂಟ್ ಆಗಿ ಓಡುತ್ತೇವೆ, ರೂಟ್‌ಗೆ ಓದುವ ಅನುಮತಿ ತೆಗೆದ ಫೈಲೂ ತೆರೆಯುತ್ತದೆ. ಟೆಸ್ಟನ್ನು ಸಾಮಾನ್ಯ ಬಳಕೆದಾರರಾಗಿ ಓಡಿಸುವುದೇ ಒಳ್ಳೆಯದು. ಫೋಲ್ಡರನ್ನು ಓದಲು ಮಾತ್ರ ಅಂತ ಬದಲಿಸುವ ಟೆಸ್ಟ್ ಇದ್ದರೆ ಕೊನೆಗೆ ಅನುಮತಿ ವಾಪಸ್ ಕೊಡಬೇಕು. ಇಲ್ಲದಿದ್ದರೆ ಒಳಗಿನ ಫೈಲ್‌ಗಳನ್ನು ಅಳಿಸಲಾಗುವುದಿಲ್ಲ. ಗೋದ ಮಾಡ್ಯೂಲ್ ಕ್ಯಾಶನ್ನು ಟೆಂಪ್‌ಡೈರ್ ಒಳಗೆ ಇಟ್ಟವರು ಇದನ್ನು ನೋಡಿಯೇ ಇರುತ್ತಾರೆ, ಅದು ತನ್ನ ಫೋಲ್ಡರ್‌ಗಳನ್ನು ಹಾಗೆಯೇ ಮುಚ್ಚಿಡುತ್ತದೆ.

ಕರೆಂಟ್ ಡೈರೆಕ್ಟರಿ ಬದಲಿಸುವುದು ಇಡೀ ಪ್ರೊಸೆಸ್‌ಗೆ ಅನ್ವಯಿಸುತ್ತದೆ. ಥ್ರೆಡ್‌ಗಳಲ್ಲಿ ಒಟ್ಟಿಗೆ ಓಡುವ ಟೆಸ್ಟ್‌ಗಳಲ್ಲಿ ಅದನ್ನು ಮಾಡಬೇಡಿ, ಪೂರ್ತಿ ಪಾತ್ ಕೊಡಿ. ಫೈಲ್ ಬದಲಾದ ಸಮಯ ನೋಡುವ ಟೆಸ್ಟ್‌ಗೆ ಸ್ಲೀಪ್ ಹಾಕುವ ಬದಲು ಆ ಸಮಯವನ್ನೇ ನೇರವಾಗಿ ಬರೆದುಬಿಡಿ. ರೆಪೊಸಿಟರಿಯಲ್ಲಿರುವ ಮಾದರಿ ಫೈಲ್‌ಗಳನ್ನು ಟೆಸ್ಟ್ ಬದಲಿಸಬೇಕಿದ್ದರೆ ಮೊದಲು ಟೆಂಪ್ ಫೋಲ್ಡರ್‌ಗೆ ಕಾಪಿ ಮಾಡಿ.

ಸಿಐ ವಿಷಯ ಸ್ವಲ್ಪವೇ. ಪ್ರತಿ ಜಾಬ್‌ಗೂ ಹೊಸ ಮೆಷಿನ್ ಸಿಗುವ ಕಡೆ ಉಳಿದ ಫೈಲ್‌ಗಳಿಂದ ತೊಂದರೆಯಿಲ್ಲ, ಆದರೆ ಸಾಕ್ಷಿಯೂ ಮೆಷಿನ್ ಜೊತೆಗೇ ಹೋಗುತ್ತದೆ. ಫೇಲಾದಾಗ ಮಾತ್ರ ಟೆಂಪ್ ಫೋಲ್ಡರನ್ನು ಆರ್ಟಿಫ್ಯಾಕ್ಟ್ ಆಗಿ ಅಪ್‌ಲೋಡ್ ಮಾಡುವ ಹೆಜ್ಜೆ ಸೇರಿಸಿ. ಪೈಟೆಸ್ಟ್‌ನ ಬೇಸ್‌ಟೆಂಪ್ ಆಯ್ಕೆಯಿಂದ ಜಾಗ ಗೊತ್ತುಮಾಡಿಟ್ಟರೆ ಹುಡುಕಬೇಕಾಗಿಲ್ಲ. ಆದರೆ ಎಚ್ಚರ: ಅಲ್ಲಿ ಕೊಟ್ಟ ಡೈರೆಕ್ಟರಿಯಲ್ಲಿ ಮೊದಲೇ ಏನಿದ್ದರೂ ಪೈಟೆಸ್ಟ್ ಅಳಿಸಿ ಶುರು ಮಾಡುತ್ತದೆ. ಅದಕ್ಕೇ ಮೀಸಲಾದ ಡೈರೆಕ್ಟರಿಯನ್ನೇ ಕೊಡಿ. ನಿಮ್ಮದೇ ಮೆಷಿನ್ ಸಿಐ ಆಗಿ ತಿಂಗಳುಗಟ್ಟಲೆ ಓಡುತ್ತಿದ್ದರೆ ಇನೋಡ್ (ಪ್ರತಿ ಫೈಲ್‌ಗೂ ಒಂದರಂತೆ ಬೇಕಾಗುವ ದಾಖಲೆ) ಕಡೆಗೂ ಕಣ್ಣಿಡಿ. ಲಕ್ಷಗಟ್ಟಲೆ ಸಣ್ಣ ಫೈಲ್ ಉಳಿದರೆ ಡಿಸ್ಕ್‌ನಲ್ಲಿ ಜಾಗ ಇದ್ದರೂ ‘ಜಾಗವಿಲ್ಲ’ ಎಂದೇ ಎರರ್ ಬರುತ್ತದೆ. ‘ಡಿಎಫ್’ ಕಮಾಂಡ್‌ಗೆ ‘-ಐ’ ಕೊಟ್ಟು ನೋಡಿದರೆ ತಿಳಿಯುತ್ತದೆ.

ಈಗಾಗಲೇ ಇರುವ ಟೆಸ್ಟ್‌ಗಳಲ್ಲಿ ಎಲ್ಲಿಂದ ಶುರು ಮಾಡುವುದು

ಸಾವಿರ ಟೆಸ್ಟ್ ಇರುವ ಕಡೆ ಎಲ್ಲವನ್ನೂ ಒಮ್ಮೆಗೇ ಬದಲಿಸುವುದು ಬೇಡ. ಯಾವ ಟೆಸ್ಟ್‌ಗಳು ಸೋರುತ್ತಿವೆ ಅಂತ ಮೊದಲು ಕಂಡುಹಿಡಿಯಿರಿ. ಹೊಸದಾಗಿ ಒಂದು ಖಾಲಿ ಡೈರೆಕ್ಟರಿ ಮಾಡಿ. ಟಿಎಂಪಿಡೈರ್ ಎನ್ವಿರಾನ್ಮೆಂಟ್ ವೇರಿಯಬಲ್ ಅದನ್ನು ತೋರಿಸುವಂತೆ ಇಟ್ಟು ಎಲ್ಲ ಟೆಸ್ಟ್ ಓಡಿಸಿ. ವಿಂಡೋಸ್‌ನಲ್ಲಿ ಟೆಂಪ್ ಮತ್ತು ಟಿಎಂಪಿ ಎರಡನ್ನೂ ಬದಲಿಸಿ. ಲಿನಕ್ಸ್‌ನಲ್ಲಿ ಜಾವಾ ಈ ವೇರಿಯಬಲ್ ನೋಡುವುದಿಲ್ಲ, ಅದಕ್ಕೆ ಜೆವಿಎಂನ ಐಓ-ಟಿಎಂಪಿಡೈರ್ ಪ್ರಾಪರ್ಟಿಯನ್ನೇ ಕೊಡಬೇಕು. ಓಡಿದ ಮೇಲೆ ಆ ಡೈರೆಕ್ಟರಿಯಲ್ಲಿ ಉಳಿದದ್ದೆಲ್ಲ ಯಾರೋ ಅಳಿಸಲು ಮರೆತದ್ದು. ಪೈಟೆಸ್ಟ್ ಬೇಕಂತಲೇ ಉಳಿಸಿದ ಫೋಲ್ಡರ್ ಒಂದನ್ನು ಮಾತ್ರ ಲೆಕ್ಕದಿಂದ ಬಿಡಿ. ಆಮೇಲೆ ನಿಜವಾದ ಟೆಂಪ್ ಡೈರೆಕ್ಟರಿಯನ್ನೂ ಒಮ್ಮೆ ನೋಡಿ. ಅಲ್ಲಿ ಹೊಸ ಫೈಲ್ ಕಂಡರೆ ಯಾವುದೋ ಟೆಸ್ಟ್ ಪಾತನ್ನು ಕೈಯಾರೆ ಬರೆದುಕೊಂಡಿದೆ. ಮೊದಲು ಅವನ್ನು ಬದಲಿಸಿ. ಆಮೇಲೆ ಟೆಸ್ಟ್‌ಗಳನ್ನು ಪ್ಯಾರಲಲ್ ಆಗಿ ಓಡಿಸಿ ನೋಡಿ. ಡಿಕ್ಕಿಯಾಗುವವು ಇನ್ನೂ ಉಳಿದಿದ್ದರೆ ಆಗ ಎದುರಿಗೆ ಬರುತ್ತವೆ. ಸೋರಿಕೆ ನಿಂತ ಮೇಲೆ ಇದೇ ತಪಾಸಣೆಯನ್ನು ಸಿಐನಲ್ಲಿ ಒಂದು ಹೆಜ್ಜೆಯಾಗಿ ಸೇರಿಸಿ. ಡೈರೆಕ್ಟರಿಯಲ್ಲಿ ಏನಾದರೂ ಉಳಿದಿದ್ದರೆ ಬಿಲ್ಡ್ ಫೇಲಾಗಲಿ, ಉಳಿದ ಫೈಲ್‌ಗಳ ಹೆಸರು ಲಾಗ್‌ನಲ್ಲಿ ಬರಲಿ.